ಕೂಕುಳು ಹಾಕಿ ಹೇಳಿದ ಪಾಸ್‌ವರ್ಡು

ನಮ್ಮೂರ ಸೊಸೈಟಿಯ ಕೌಂಟರಿನ ಒಳಗೆ, ಅಡಿಕೆ ವ್ಯಾಪಾರಿಗಳು ಕೊಟ್ಟ ಕ್ಯಾಲೆಂಡರಿನ ಪಕ್ಕ, ಸೆಲೋಟೇಪು ಹಾಕಿ ಅಂಟಿಸಿದ ಒಂದು ಚೀಟಿ ಉಂಟು. ಚೀಟಿಯಲ್ಲಿ ಪಾಸ್‌ವರ್ಡು. ಹಳೆಯದಕ್ಕೆ ಗೀಟು ಹಾಕಿ ಅದರ ಕೆಳಗೆ ಹೊಸದು, ಅದಕ್ಕೂ ಗೀಟು ಹಾಕಿ ಅದರ ಕೆಳಗೆ ಇನ್ನೊಂದು. ಹೀಗೆ ಎಂಟೋ ಒಂಬತ್ತೋ ಸಾಲು. ಊರಿನ ಹೆಸರು ಹೇಳುವುದಿಲ್ಲ. ಪುತ್ತೂರು, ಸುಳ್ಯ, ಕಡಬ ಈ ಮೂರರ ನಡುವೆ ಎಲ್ಲೋ ಅಂತ ಇಟ್ಟುಕೊಳ್ಳಿ.

ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದು ಕೂತಿದ್ದ ನಾನು ಅಪ್ಪನ ಬೆಳೆಸಾಲ ನವೀಕರಣಕ್ಕೆ ಹೋದವನು ಆ ಚೀಟಿ ನೋಡಿ ನಕ್ಕುಬಿಟ್ಟೆ. ಬೆಂಗಳೂರಿನಲ್ಲಿ ಹತ್ತು ವರ್ಷ ಬ್ಯಾಕೆಂಡ್ ಕೆಲಸ ಮಾಡಿದವನ ನಗು ಅದು. ನಿಮಗೂ ಗೊತ್ತಿರುತ್ತದೆ, ನೀವೂ ನಕ್ಕಿರುತ್ತೀರಿ.

ಕೌಂಟರಿನ ಅಕ್ಕ ಕನ್ನಡಕದ ಮೇಲಿಂದ ನೋಡಿದರು. "ಎಂತ ತಮ್ಮ, ನಗುವುದು? ನಲವತ್ತೈದು ದಿನಕ್ಕೊಮ್ಮೆ ಬದಲಾಯಿಸಬೇಕಂತೆ. ಒಂದು ದೊಡ್ಡಕ್ಷರ, ಒಂದು ನಂಬರು, ಒಂದು ಚಿಹ್ನೆ. ಹಿಂದಿನ ಐದು ಪುನಃ ಹಾಕ್ಲಿಕ್ಕಿಲ್ಲ. ಮೂರು ಸಲ ತಪ್ಪಿದರೆ ಲಾಕು. ಮಾರ್ಚ್ ಕೊನೆಗೆ ಇಲ್ಲಿ ಅರುವತ್ತು ಜನ ಕ್ಯೂ ನಿಂತಿರುವಾಗ ಲಾಕಾಯಿತು. ಅವತ್ತು ನೀವು ಬಂದು ನಗಬೇಕಿತ್ತು."

ನಗು ಅಲ್ಲಿಗೆ ನಿಂತಿತು. ಮಾರ್ಚ್ ಕೊನೆ ಅಂದರೆ ಏನೆಂದು ತೋಟ ಇದ್ದವರಿಗೆ ಗೊತ್ತು. ಗಡುವಿನೊಳಗೆ ಸಾಲ ಕಟ್ಟದಿದ್ದರೆ ಶೂನ್ಯ ಬಡ್ಡಿಯ ಲಾಭ ಹೋಗುತ್ತದೆ. ಅಂಥ ದಿನ ಕಂಪ್ಯೂಟರ್ ಲಾಕ್ ಆಗಬಾರದು ಅಂತ ಆ ಹೆಂಗಸು ಚೀಟಿ ಅಂಟಿಸಿದ್ದಾರೆ. ಕೌಂಟರಿನ ಒಳಗೆ ಬರುವವರು ನಾಲ್ಕು ಜನ. ಚೀಟಿ ಕಾಣುವುದೂ ಆ ನಾಲ್ವರಿಗೇ.

ಹಾಗಾದರೆ ಡೇಟಾಬೇಸಿನ ಪಾಸ್‌ವರ್ಡು ಎಷ್ಟು ಜನರಿಗೆ ಕಾಣುತ್ತದೆ? ನನಗೆ ಸುಮ್ಮನೆ ಒಂದು ಕೆಟ್ಟ ಕುತೂಹಲ. ಸೆಕ್ರೆಟ್ರಿಯವರ ಒಪ್ಪಿಗೆ ಕೇಳಿದೆ. ಅವರು "ನೋಡಿ ಮಾರಾಯ್ರೆ, ಹಾಳು ಮಾಡಬೇಡಿ" ಅಂದರು. ಶಾಖೆಯ ವೈಫೈಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಪಕ್ಕದ ಕಂಪ್ಯೂಟರಿನಿಂದ ಹೊರಡುವ ಮಾತುಕತೆ ಕಾಣುವ ಹಾಗೆ ಮಾಡಿ ವೈರ್‌ಶಾರ್ಕ್ ಓಡಿಸಿದೆ. ಅಕ್ಕ ಸಾಫ್ಟ್‌ವೇರ್ ತೆರೆದರು. ಶಾಖೆಯ ಪ್ರೋಗ್ರಾಮು ಮುಖ್ಯ ಕಚೇರಿಯ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ನೇರ ಇಂಟರ್ನೆಟ್ ಮೇಲೆಯೇ ಕನೆಕ್ಟ್ ಆಯಿತು. ಬಳಕೆದಾರನ ಹೆಸರು: ಪೋಸ್ಟ್‌ಗ್ರೆಸ್. ಅಂದರೆ ಸರ್ವಾಧಿಕಾರಿ ಖಾತೆ. ಪಾಸ್‌ವರ್ಡು: ಸೊಸೈಟಿಯ ಹೆಸರಿನ ಮೊದಲಕ್ಷರಗಳು, ಒಂದು ಅಟ್ ಚಿಹ್ನೆ, ಸಾಫ್ಟ್‌ವೇರ್ ಹಾಕಿದ ವರ್ಷ. ಪರದೆಯ ಮೇಲೆ ಅಕ್ಷರ ಅಕ್ಷರ ಓದಲಿಕ್ಕೆ ಬರುವ ಹಾಗೆ.

ಆ ವೈಫೈಯ ಪಾಸ್‌ವರ್ಡು ಪಕ್ಕದ ಜೆರಾಕ್ಸ್ ಅಂಗಡಿಯವರಿಗೂ ಗೊತ್ತುಂಟು, ಅವರ ಗಿರಾಕಿಗಳಿಗೂ ಗೊತ್ತುಂಟು.

ನಮ್ಮ ಕಡೆ ಹಿಂದೆ ಫೋನಿಲ್ಲದ ಕಾಲದಲ್ಲಿ ಈ ಗುಡ್ಡದ ಮನೆಯಿಂದ ಆ ಗುಡ್ಡದ ಮನೆಗೆ ಕೂಕುಳು ಹಾಕುತ್ತಿದ್ದರು. ಕೆಲಸಕ್ಕೆ ಜನ ಬೇಕಾದರೆ ಕೂಕುಳು, ದನ ಕಾಣದಿದ್ದರೆ ಕೂಕುಳು. ಯಾರಿಗೆ ಕೂಗಿದ್ದೋ ಅವರಿಗೂ ಕೇಳುತ್ತದೆ, ನಡುವಿನ ಬೈಲಿನವರಿಗೆಲ್ಲ ಕೇಳುತ್ತದೆ. ಆದರೆ ಕಪಾಟಿನ ಬೀಗದ ಕೈ ಎಲ್ಲಿಟ್ಟಿದ್ದೇನೆ ಅಂತ ಯಾವ ಅಜ್ಜಿಯೂ ಕೂಕುಳು ಹಾಕಿ ಹೇಳುತ್ತಿರಲಿಲ್ಲ. ಅಷ್ಟು ಬುದ್ಧಿ ಅವರಿಗೆ ಇತ್ತು. ಇಂಜಿನಿಯರಿಂಗ್ ಓದಿದ ನಾವು ದಿನಕ್ಕೆ ಸಾವಿರ ಸಲ ಅದನ್ನೇ ಮಾಡುತ್ತೇವೆ, ಆಮೇಲೆ ಗೋಡೆಯ ಚೀಟಿ ನೋಡಿ ನಗುತ್ತೇವೆ.

ನನ್ನ ಜಗಳ ಅಕ್ಕನ ಜೊತೆ ಅಲ್ಲ ಅಂತ ಇಲ್ಲಿಗೆ ನಿಮಗೆ ಗೊತ್ತಾಗಿರಬೇಕು. ನನ್ನ ಜಗಳ ನಮ್ಮ ಜೊತೆ, ಈ ಪುಸ್ತಕವನ್ನು ಮೆಟ್ರೋದಲ್ಲಿ ಓದುತ್ತಿರುವ ನಿಮ್ಮ ಜೊತೆ. ಮನುಷ್ಯ ನೆನಪಿಟ್ಟುಕೊಳ್ಳಬೇಕಾದ ಪಾಸ್‌ವರ್ಡಿನ ಮೇಲೆ ನಾವು ಎಲ್ಲ ಕಾನೂನನ್ನೂ ಹೇರಿದ್ದೇವೆ. ಯಂತ್ರ ಯಂತ್ರಕ್ಕೆ ಹೇಳುವ ಪಾಸ್‌ವರ್ಡನ್ನು ಯಾರೂ ನೆನಪಿಡಬೇಕಾಗಿಯೇ ಇಲ್ಲ, ಅದರ ಮೇಲೆ ಒಂದು ಕಾನೂನೂ ಇಲ್ಲ. ಅದು 2019ರಲ್ಲಿ ಹಾಕಿದ್ದು 2019ರದ್ದೇ.

ಆ ದೊಡ್ಡಕ್ಷರ-ಚಿಹ್ನೆ-ನಂಬರಿನ ಕಾನೂನಿನ ಕತೆಯನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ತಂದ ಮಾರ್ಗಸೂಚಿಯಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಬರೆದವರು ಬಿಲ್ ಬರ್. ತಾನು ಬರೆದದ್ದರಲ್ಲಿ ಬಹುಪಾಲಿನ ಬಗ್ಗೆ ಈಗ ವಿಷಾದವಿದೆ ಎಂದು 2017ರಲ್ಲಿ ಅವರೇ ಪತ್ರಿಕೆಗೆ ಹೇಳಿದರು. ಅದೇ ವರ್ಷ ನಿಸ್ಟ್ ತನ್ನ ಮಾರ್ಗಸೂಚಿ ತಿದ್ದಿ, ಸೋರಿಕೆಯ ಸುಳಿವಿಲ್ಲದೆ ದಿನ ಎಣಿಸಿ ಪಾಸ್‌ವರ್ಡ್ ಬದಲಾಯಿಸಲು ಹೇಳಬೇಡಿ, ಅಕ್ಷರಗಳ ಮಿಶ್ರಣ ಕಡ್ಡಾಯ ಮಾಡಬೇಡಿ ಅಂದಿತು. ಕಾನೂನು ಹುಟ್ಟಿದ ಊರಿನಲ್ಲೇ ಅದಕ್ಕೆ ಬೊಜ್ಜ ಆಗಿದೆ. ನಮ್ಮ ಸೊಸೈಟಿಯಲ್ಲಿ ಇನ್ನೂ ಜೀವಂತ.

ಸಾಫ್ಟ್‌ವೇರ್ ಹಾಕಿದವರಿಗೆ ಫೋನ್ ಮಾಡಿದೆ. ಹುಡುಗ ಒಳ್ಳೆಯವನು, ಪಾಪ, ಒಬ್ಬನೇ ಮೂವತ್ತು ಕಡೆ ಓಡಾಡುತ್ತಾನೆ. "ಹೌದಾ ಸಾರ್? ಒಂದ್ನಿಮಿಷ" ಅಂತ ಹೇಳಿ ರಿಮೋಟ್‌ನಲ್ಲಿ ಬಂದು ಸೆಟಿಂಗ್ ಫೈಲಿನಲ್ಲಿ 'ಪಾಸ್‌ವರ್ಡ್' ಅಂತ ಇದ್ದದ್ದನ್ನು 'ಎಂಡಿ5' ಅಂತ ಮಾಡಿದ. "ಈಗ ಎನ್‌ಕ್ರಿಪ್ಟೆಡ್ ಸಾರ್."

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಬೆಂಗಳೂರಿನ ಎಷ್ಟೋ ದೊಡ್ಡ ಗಾಜಿನ ಕಟ್ಟಡಗಳಲ್ಲಿಯೂ ಮಾತು ಮುಗಿಯುವುದು ಇಲ್ಲಿಗೇ. ಎಂಡಿ5 ವಿಧಾನದಲ್ಲಿ ಪಾಸ್‌ವರ್ಡು ತಂತಿಯ ಮೇಲೆ ಹಾಗೇ ಹೋಗುವುದಿಲ್ಲ, ನಿಜ. ಪಾಸ್‌ವರ್ಡಿಗೆ ಬಳಕೆದಾರನ ಹೆಸರು ಸೇರಿಸಿ ಒಂದು ಸಲ ಅರೆಯುತ್ತಾರೆ. ಸರ್ವರ್ ಕೊಟ್ಟ ನಾಲ್ಕು ಬೈಟಿನ ಉಪ್ಪು ಸೇರಿಸಿ ಇನ್ನೊಂದು ಸಲ ಅರೆಯುತ್ತಾರೆ. ಆ ಹಿಟ್ಟನ್ನು ಕಳಿಸುತ್ತಾರೆ. ಹಿಟ್ಟಿನಿಂದ ಅಕ್ಕಿ ಮಾಡಲಿಕ್ಕೆ ಬರುವುದಿಲ್ಲ, ಹೌದು. ಆದರೆ ಕದ್ದು ಕೇಳಿದವನು ಹಿಟ್ಟನ್ನು ಮನೆಗೆ ತೆಗೆದುಕೊಂಡು ಹೋಗಬಹುದು. ಮನೆಯಲ್ಲಿ ಕೂತು ಒಂದೊಂದೇ ಅಕ್ಕಿ ಅರೆದು ಹೋಲಿಸಿ ನೋಡಬಹುದು. ಅಲ್ಲಿ ಮೂರು ಸಲ ತಪ್ಪಿದರೆ ಲಾಕು ಮಾಡುವ ಅಕ್ಕನ ಕಂಪ್ಯೂಟರ್ ಇಲ್ಲ. ಕೇಳುವವರೇ ಇಲ್ಲ.

ಎಷ್ಟು ಬೇಗ ಅರೆಯಬಹುದು? 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಅಂತ ಒಂದು ಗೇಮಿಂಗ್ ಕಾರ್ಡ್ ಉಂಟು, ಹುಡುಗರು ಆಟ ಆಡಲಿಕ್ಕೆ ಕೊಳ್ಳುವುದು. ಹ್ಯಾಶ್‌ಕ್ಯಾಟ್ ಎಂಬ ಪುಕ್ಕಟೆ ಪ್ರೋಗ್ರಾಮಿನಲ್ಲಿ ಅಂಥ ಒಂದೇ ಕಾರ್ಡ್ ಸೆಕೆಂಡಿಗೆ 16,000 ಕೋಟಿಗೂ ಹೆಚ್ಚು ಎಂಡಿ5 ಮಾಡುತ್ತದೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಎಂಟಕ್ಷರದ ಪಾಸ್‌ವರ್ಡುಗಳು ಒಟ್ಟು ಎಷ್ಟು ಸಾಧ್ಯ? 26ನ್ನು ಎಂಟು ಸಲ ಗುಣಿಸಿ: ಸುಮಾರು 20,900 ಕೋಟಿ. ಅಂದರೆ ಎರಡು ಸೆಕೆಂಡಿನ ಒಳಗೆ ಎಲ್ಲವೂ ಮುಗಿಯಿತು. ಇಲ್ಲಿ ಎರಡು ಸಲ ಅರೆಯಬೇಕಲ್ಲ, ಮೂರು ಸೆಕೆಂಡು ಅಂತ ಇಟ್ಟುಕೊಳ್ಳಿ. ಬಾಯಿಗೆ ಹಾಕಿದ ಎಲೆಅಡಿಕೆಯ ಮೊದಲ ರಸ ಬರುವುದಕ್ಕೆ ಮುಂಚೆ. ಸೊಸೈಟಿಯ ಹೆಸರು, ಅಟ್ ಚಿಹ್ನೆ, ವರ್ಷ ಅಂಥದ್ದಕ್ಕೆ ಅಷ್ಟೂ ಬೇಡ.

ಇನ್ನೊಂದು ತಮಾಷೆ. ಪೋಸ್ಟ್‌ಗ್ರೆಸ್‌ನ ಎಂಡಿ5 ವಿಧಾನದಲ್ಲಿ ಸರ್ವರಿನಲ್ಲಿ ಇಟ್ಟುಕೊಳ್ಳುವ ಹ್ಯಾಶಿಗೆ ಉಪ್ಪು ಎಂದರೆ ಬಳಕೆದಾರನ ಹೆಸರೇ. ಲೋಕದಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಹೆಸರಿನ ಖಾತೆಗಳೆಲ್ಲಕ್ಕೂ ಒಂದೇ ಉಪ್ಪು. ಸುಳ್ಯದ ಸೊಸೈಟಿಗೂ ಅದೇ, ಸಿಂಗಾಪುರದ ಬ್ಯಾಂಕಿಗೂ ಅದೇ. ಸಾಲದ್ದಕ್ಕೆ ಆ ಇಟ್ಟುಕೊಂಡ ಹ್ಯಾಶ್ ಸಿಕ್ಕಿದರೆ ಅದನ್ನು ಒಡೆಯಬೇಕೆಂದೂ ಇಲ್ಲ, ಅದನ್ನೇ ಇಟ್ಟುಕೊಂಡು ಲಾಗಿನ್ ಆಗಬಹುದು. ಅದಕ್ಕೇ 2017ರಲ್ಲಿ ಪೋಸ್ಟ್‌ಗ್ರೆಸ್ 10ರಲ್ಲಿ ಸ್ಕ್ರ್ಯಾಮ್ ಎಂಬ ಹೊಸ ವಿಧಾನ ತಂದರು. ಪ್ರತಿ ಖಾತೆಗೆ ಬೇರೆ ಉಪ್ಪು, ಒಂದು ಸಲ ಅಲ್ಲ 4,096 ಸಲ ಅರೆಯುವುದು, ಸರ್ವರಿನಲ್ಲಿ ಇಟ್ಟದ್ದನ್ನು ಕದ್ದರೂ ಅದರಿಂದ ನೇರ ಲಾಗಿನ್ ಆಗಲಿಕ್ಕಿಲ್ಲ. 2021ರ 14ನೇ ಆವೃತ್ತಿಯಿಂದ ಅದೇ ಡಿಫಾಲ್ಟ್. ದುಡ್ಡು ಕೊಡಬೇಕಾಗಿಲ್ಲ, ಲೈಸೆನ್ಸ್ ಬೇಡ. ಪಾಸ್‌ವರ್ಡನ್ನು ಒಂದು ಸಲ ಹೊಸದಾಗಿ ಇಟ್ಟು ಒಂದು ಸಾಲು ತಿದ್ದಿದರೆ ಆಯಿತು. ಮಾಡಿದವರು ಎಷ್ಟು ಜನ, ನಿಮ್ಮ ಆಫೀಸಿನಲ್ಲಿಯೇ ಕೇಳಿ ನೋಡಿ.

ಅರೆಯುವುದನ್ನು ಬೇಕೆಂದೇ ನಿಧಾನ ಮಾಡುವ ಉಪಾಯ ಹೊಸದಲ್ಲ. ಬಿಕ್ರಿಪ್ಟ್ ಬಂದದ್ದು 1999ರಲ್ಲಿ. ಅದನ್ನು ತೀರಾ ಕೆಳಗಿನ ಮಟ್ಟದಲ್ಲಿ ಇಟ್ಟರೂ ಅದೇ ಕಾರ್ಡಿಗೆ ಸೆಕೆಂಡಿಗೆ ಎರಡು ಲಕ್ಷವೂ ಆಗುವುದಿಲ್ಲ. ಎರಡು ಸೆಕೆಂಡಿನ ಕೆಲಸ ಎರಡು ವಾರವಾಗುತ್ತದೆ, ಮಟ್ಟ ಹತ್ತಕ್ಕೆ ಏರಿಸಿದರೆ ಒಂದು ವರ್ಷ ದಾಟುತ್ತದೆ. ಇಷ್ಟಿದ್ದೂ 2012ರಲ್ಲಿ ಲಿಂಕ್ಡ್‌ಇನ್‌ನಿಂದ 65 ಲಕ್ಷ ಪಾಸ್‌ವರ್ಡ್ ಹ್ಯಾಶುಗಳು ಹೊರಬಿದ್ದಾಗ ಅವೆಲ್ಲ ಉಪ್ಪಿಲ್ಲದ ಎಸ್‌ಎಚ್‌ಎ-1. ನಾಲ್ಕು ವರ್ಷದ ಮೇಲೆ ಲೆಕ್ಕ ನೋಡಿದರೆ ಹೋದದ್ದು 11 ಕೋಟಿಗೂ ಹೆಚ್ಚು. ನಮ್ಮ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿದ್ದು 2020ರಲ್ಲಿ ಸುದ್ದಿಯಾಯಿತು, ಮರುವರ್ಷ ಅದು ಪುಕ್ಕಟೆಯಾಗಿ ಹಂಚಿಹೋಯಿತು. ಅಲ್ಲಿಯೂ ಎಸ್‌ಎಚ್‌ಎ-1. ಇಂಥದ್ದು ಆದಾಗಲೆಲ್ಲ ನಮಗೆ ಬರುವ ಮೇಲ್ ಒಂದೇ ತರಹದ್ದು: ದಯವಿಟ್ಟು ನಿಮ್ಮ ಪಾಸ್‌ವರ್ಡ್ ಬದಲಾಯಿಸಿ, ಬಲವಾದದ್ದನ್ನು ಇಡಿ. ಮನೆ ಕಟ್ಟಿದವನು ಗೋಡೆ ಇಡಲಿಲ್ಲ, ಬಾಡಿಗೆಯವನಿಗೆ ಗಟ್ಟಿ ಬೀಗ ತರಲು ಹೇಳುತ್ತಾನೆ.

ನಮ್ಮ ಜಿಲ್ಲೆಯಲ್ಲೇ 2023ರಲ್ಲಿ ನಡೆದದ್ದು ನೆನಪುಂಟಾ? ಜಾಗ ರಿಜಿಸ್ಟ್ರಿ ಮಾಡಿಸಿಕೊಂಡು ಬಂದವರ ಬ್ಯಾಂಕ್ ಖಾತೆಯಿಂದ ಹಣ ಹೋಗಲು ಶುರುವಾಯಿತು. ಆಧಾರ್ ಮೂಲಕ ಬೆರಳೊತ್ತಿ ಹಣ ತೆಗೆಯುವ ವ್ಯವಸ್ಥೆಯಲ್ಲಿ, ಒಂದೊಂದು ಸಲಕ್ಕೆ ಹತ್ತು ಸಾವಿರದ ಮಿತಿಯೊಳಗೆ. ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯ ದುರ್ಬಳಕೆ ಅಂತ ಪೊಲೀಸರು ಹೇಳಿದರು. ಅದು ಪಾಸ್‌ವರ್ಡಿನ ಕತೆ ಅಲ್ಲ, ಆದರೆ ಜನರಿಗೆ ಸಿಕ್ಕಿದ ಉಪದೇಶ ಅದೇ ಜಾತಿಯದ್ದು: ನಿಮ್ಮ ಬಯೋಮೆಟ್ರಿಕ್ ನೀವೇ ಲಾಕ್ ಮಾಡಿಕೊಳ್ಳಿ. ಎಪ್ಪತ್ತು ವರ್ಷದ ಅಜ್ಜ ಆ್ಯಪ್ ಇಳಿಸಿ ಹೆಬ್ಬೆಟ್ಟಿಗೆ ಬೀಗ ಹಾಕಬೇಕು. ಪಾಸ್‌ವರ್ಡಾದರೂ ಬದಲಾಯಿಸಬಹುದು ಮಾರ್ರೆ, ಹೆಬ್ಬೆಟ್ಟು ಬದಲಾಯಿಸಲಿಕ್ಕೆ ಆಗುತ್ತದಾ?

"ನಮ್ಮ ಈ ಸಣ್ಣ ಸೊಸೈಟಿಗೆ ಯಾರು ಬರ್ತಾರೆ ಮಾರಾಯ" ಅಂತ ಸೆಕ್ರೆಟ್ರಿಯವರೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸರ್ವರಿನ ಲಾಗ್ ತೆರೆದು ತೋರಿಸಿದೆ. ಒಂದೇ ರಾತ್ರಿಯಲ್ಲಿ ನೂರಾರು ಸಾಲು: ಪೋಸ್ಟ್‌ಗ್ರೆಸ್ ಬಳಕೆದಾರನ ಪಾಸ್‌ವರ್ಡ್ ತಪ್ಪು, ಪುನಃ ತಪ್ಪು, ಪುನಃ ತಪ್ಪು. ಎರಡು-ಮೂರು ಸೆಕೆಂಡಿಗೆ ಒಂದರಂತೆ, ಯಾವುದೋ ದೇಶದ ವಿಳಾಸಗಳಿಂದ. ಅಕ್ಕನಿಗೆ ಮೂರು ಸಲಕ್ಕೆ ಲಾಕು, ಇವರಿಗೆ ಲಾಕೇ ಇಲ್ಲ. ಯಾಕೆಂದರೆ ಪೋಸ್ಟ್‌ಗ್ರೆಸ್ ತಾನಾಗಿ ಯಾರನ್ನೂ ಲಾಕ್ ಮಾಡುವುದಿಲ್ಲ, ಎಷ್ಟು ಸಲ ತಪ್ಪಿದರೂ ಮತ್ತೆ ಕೇಳುತ್ತದೆ.

ಬರುವವನಿಗೆ ಇದು ಸೊಸೈಟಿ ಅಂತಲೇ ಗೊತ್ತಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಜೀಮ್ಯಾಪ್ ಎಂಬ ಪ್ರೋಗ್ರಾಮು ಮಾಡಿದರು. ಒಳ್ಳೆಯ ಸಂಪರ್ಕ ಇರುವ ಒಂದೇ ಕಂಪ್ಯೂಟರಿನಿಂದ ಇಡೀ ಐಪಿವಿ4 ಇಂಟರ್ನೆಟ್ಟಿನ ಬಾಗಿಲು ತಟ್ಟಿ ಬರಲು 45 ನಿಮಿಷ ಸಾಕು. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಲೋಕ ಒಂದು ಸುತ್ತು ಮುಗಿಯುತ್ತದೆ. 2017ರ ಜನವರಿಯಲ್ಲಿ ಹೀಗೆ ಬಾಗಿಲು ತಟ್ಟಿದವರೇ ಸಾವಿರಾರು ಮೊಂಗೋಡಿಬಿ ಡೇಟಾಬೇಸುಗಳನ್ನು ಅಳಿಸಿ, ದುಡ್ಡು ಕೊಟ್ಟರೆ ವಾಪಸು ಅಂತ ಚೀಟಿ ಇಟ್ಟು ಹೋದರು. ಅವುಗಳಿಗೆ ಪಾಸ್‌ವರ್ಡೇ ಇರಲಿಲ್ಲ. ದೊಡ್ಡವರು ಸಣ್ಣವರು ಅಂತ ಯಾರೂ ಆರಿಸಲಿಲ್ಲ.

ಒಳಗೆ ಬಂದರೆ ಏನಾಗುತ್ತದೆ ಅಂತಲೂ ಹೇಳಬೇಕು. ಪೋಸ್ಟ್‌ಗ್ರೆಸ್‌ನ ಸರ್ವಾಧಿಕಾರಿ ಖಾತೆಯಲ್ಲಿ ಬಂದವನಿಗೆ ಬರೀ ಟೇಬಲ್ಲುಗಳಲ್ಲ, ಆ ಕಂಪ್ಯೂಟರಿಗೇ ಆಜ್ಞೆ ಕೊಡುವ ದಾರಿ ಸಿಗುತ್ತದೆ. ಟೇಬಲ್ಲುಗಳಲ್ಲಿ ಇರುವುದು ಊರಿನ ಅರ್ಧ ಜನರ ಸಾಲ, ಠೇವಣಿ, ಅಡವಿಟ್ಟ ಬಂಗಾರದ ತೂಕ, ಆರ್‌ಟಿಸಿ, ಆಧಾರ್. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ನಿಂತು ಕಟ್ಟಿದ ಸಹಕಾರ ಚಳವಳಿ ಇದು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕೆಂದು ಶುರುವಾದದ್ದು. ಯಾರ ಮನೆಯಲ್ಲಿ ಎಷ್ಟು ಕಷ್ಟ ಅನ್ನುವುದು ಈ ಪುಸ್ತಕಗಳಿಗೆ ಗೊತ್ತು. ಹಿಂದೆ ಅದು ಕಬ್ಬಿಣದ ಕಪಾಟಿನಲ್ಲಿ ಇರುತ್ತಿತ್ತು. ದೇಶದ 63,000 ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಒಳ್ಳೆಯದೇ. ಆದರೆ ಅಲ್ಲಿಯೂ ಕೋಡ್ ಬರೆಯುವವರು ನಾವೇ ತಾನೇ?

ನಾನು ಸಾಚಾ ಅಂತ ತಿಳಿಯಬೇಡಿ. ಹಿಂದಿನ ಒಂದು ಕಂಪನಿಯಲ್ಲಿ ಡೇಟಾಬೇಸಿಗೆ ಟಿಎಲ್‌ಎಸ್ ಹಾಕುವ ಟಿಕೆಟ್ ನನ್ನ ಹೆಸರಿನಲ್ಲೇ ಇತ್ತು. "ಇಂಟರ್ನಲ್ ನೆಟ್‌ವರ್ಕ್ ಅಲ್ವಾ" ಅಂತ ಮುಂದಿನ ಸ್ಪ್ರಿಂಟಿಗೆ ತಳ್ಳಿದೆ, ಅಲ್ಲಿಂದ ಅದರ ಮುಂದಿನದ್ದಕ್ಕೆ. ನಾನು ಕೆಲಸ ಬಿಡುವಾಗಲೂ ಅದು ತೆರೆದೇ ಇತ್ತು. ಡೇಟಾಬೇಸಿನ ಪಾಸ್‌ವರ್ಡು ಗಿಟ್‌ನಲ್ಲಿ ಇತ್ತು, ಇಂಟರ್ನ್ ಆಗಿ ಬಂದ ಹುಡುಗರಿಗೂ ಕಾಣುತ್ತಿತ್ತು. ಕೇಳಿದರೆ ಪರ್ಫಾರ್ಮೆನ್ಸ್ ಕಡಿಮೆಯಾಗುತ್ತದೆ ಅನ್ನುತ್ತಿದ್ದೆವು. ಅಳತೆ ಮಾಡಿದವರು ಯಾರೂ ಇರಲಿಲ್ಲ. ಕನೆಕ್ಷನ್ ಪೂಲ್ ಇರುವಾಗ ಕೈಕುಲುಕುವ ಖರ್ಚು ಒಂದೇ ಸಲ, ಆಮೇಲಿನದ್ದು ಇವತ್ತಿನ ಪ್ರೊಸೆಸರಿಗೆ ಲೆಕ್ಕಕ್ಕೇ ಇಲ್ಲ. ನಮಗೆ ಉದಾಸೀನ, ಅಷ್ಟೇ.

ಟಿಎಲ್‌ಎಸ್ ಅಂದರೆ ಏನೆಂದು ಸೆಕ್ರೆಟ್ರಿಯವರಿಗೆ ಹೇಳಲು ನನಗೆ ಸಿಕ್ಕಿದ್ದು ದನದ ಜಾತ್ರೆ. ವ್ಯಾಪಾರಿಗಳು ಬೈರಾಸಿನ ಅಡಿಯಲ್ಲಿ ಬೆರಳು ಹಿಡಿದು ಕ್ರಯ ಮಾತಾಡುತ್ತಿದ್ದರಲ್ಲ. ಸುತ್ತ ನೂರು ಜನ ನಿಂತಿರುತ್ತಾರೆ, ಮಾತುಕತೆ ನಡೆಯುತ್ತಿದೆ ಅಂತ ಎಲ್ಲರಿಗೂ ಕಾಣುತ್ತದೆ, ಎಷ್ಟು ಅಂತ ಗೊತ್ತಾಗುವುದು ಇಬ್ಬರಿಗೆ ಮಾತ್ರ. ಅವರಿಗೆ ತಟ್ಟನೆ ಅರ್ಥವಾಯಿತು. ಕುಳ್ಕುಂದದ ಜಾತ್ರೆಗೆ ಅಪ್ಪನ ಜೊತೆ ಹೋದವರು ಅವರು. ಆದರೆ ಪೋಸ್ಟ್‌ಗ್ರೆಸ್‌ನ ಕ್ಲೈಂಟ್ ಲೈಬ್ರರಿಯ ಡಿಫಾಲ್ಟ್ ಏನು ಗೊತ್ತಾ? 'ಪ್ರಿಫರ್'. ಬೈರಾಸು ಇದ್ದರೆ ಅಡಿಯಲ್ಲಿ, ಇಲ್ಲದಿದ್ದರೆ ಬಾಯಲ್ಲೇ ಹೇಳುತ್ತೇನೆ, ಯಾರಿಗೂ ತಿಳಿಸುವುದಿಲ್ಲ. 'ರಿಕ್ವೈರ್' ಅಂತ ಇಟ್ಟರೆ ಬೈರಾಸು ಕಡ್ಡಾಯ, ಆದರೆ ಬೈರಾಸಿನಡಿಯ ಕೈ ಯಾರದ್ದು ಅಂತ ಮುಖ ನೋಡುವುದಿಲ್ಲ. ನಡುವೆ ನುಗ್ಗಿದ ಕಳ್ಳನ ಬೆರಳನ್ನೇ ಹಿಡಿದುಕೊಂಡು ಕ್ರಯ ಹೇಳಬಹುದು. 'ವೆರಿಫೈ-ಫುಲ್' ಇಟ್ಟರೆ ಮಾತ್ರ ಸರ್ಟಿಫಿಕೇಟ್ ನೋಡಿ, ಹೆಸರು ತಾಳೆ ಹಾಕಿ ಮಾತು. ಎಷ್ಟೋ ಆಡಿಟ್ ವರದಿಗಳಲ್ಲಿ 'ಎನ್‌ಕ್ರಿಪ್ಷನ್: ಇದೆ' ಅಂತ ಟಿಕ್ ಬೀಳುವುದು ಮುಖ ನೋಡದ ಈ ಬೈರಾಸಿಗೆ.

ಇದರ ಮೇಲೆ ಮಾಡಬೇಕಾದದ್ದು ಬ್ರಹ್ಮವಿದ್ಯೆಯೇನಲ್ಲ. ಡೇಟಾಬೇಸಿನ ಬಾಗಿಲು ಇಂಟರ್ನೆಟ್ಟಿಗೆ ತೆರೆಯಲೇಬಾರದು. ಶಾಖೆಗಳು ವೈರ್‌ಗಾರ್ಡಿನಂಥ ವಿಪಿಎನ್‌ನಲ್ಲಿ ಬರಲಿ. ಆಗ ರಾತ್ರಿಯಿಡೀ ಬಾಗಿಲು ತಟ್ಟುವವರಿಗೆ ಬಾಗಿಲೇ ಕಾಣುವುದಿಲ್ಲ. ಪ್ರೋಗ್ರಾಮಿಗೆ ಬೇರೆ ಖಾತೆ ಕೊಡಿ, ಅದಕ್ಕೆ ಬೇಕಾದ ಟೇಬಲ್ಲುಗಳು ಮಾತ್ರ. ಪಾಸ್‌ವರ್ಡನ್ನು ಯಂತ್ರವೇ ಆರಿಸಲಿ, ಅರ್ಥವಿಲ್ಲದ ಮೂವತ್ತು ಅಕ್ಷರ. ಮನುಷ್ಯ ಅದನ್ನು ಟೈಪ್ ಮಾಡುವ ಪ್ರಮೇಯವೇ ಇಲ್ಲವಲ್ಲ, ಎಷ್ಟು ಕಷ್ಟದ್ದಾದರೂ ಅಕ್ಕನಿಗೆ ತೊಂದರೆಯಿಲ್ಲ. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಇಡದವರಿಗೆ 250 ಕೋಟಿಯವರೆಗೆ ದಂಡದ ಮಾತುಂಟು. ಮ್ಯಾನೇಜರಿಗೆ ಬೇರೆ ಭಾಷೆ ಅರ್ಥವಾಗದಿದ್ದರೆ ಆ ನಂಬರ್ ಹೇಳಿ.

ಸೊಸೈಟಿಯಲ್ಲಿ ಒಂದು ಶನಿವಾರ ಸಂಜೆ ಕೂತು ನಾನೂ ಆ ಹುಡುಗನೂ ಇಷ್ಟರಲ್ಲಿ ಮುಕ್ಕಾಲು ಮಾಡಿದೆವು. ಪೋರ್ಟ್ ಮುಚ್ಚಿತು, ವಿಪಿಎನ್ ಬಂತು, ಪೋಸ್ಟ್‌ಗ್ರೆಸ್ ಖಾತೆಗೆ ಹೊರಗಿಂದ ಪ್ರವೇಶ ಹೋಯಿತು, ಎಂಡಿ5 ಹೋಗಿ ಸ್ಕ್ರ್ಯಾಮ್ ಬಂತು. ಎರಡು ಚಾ, ಒಂದು ತಟ್ಟೆ ಗೋಳಿಬಜೆ, ಮೂರೂವರೆ ಗಂಟೆ. ಸರ್ಟಿಫಿಕೇಟಿನ ಕೆಲಸ ಬಾಕಿ, ಹಳೆಯ ಶಾಖಾ ಪ್ರೋಗ್ರಾಮು ಅದಕ್ಕೆ ಒಗ್ಗುತ್ತಿಲ್ಲ. ಭಾನುವಾರ ಬೆಳಿಗ್ಗೆ ಲಾಗ್ ನೋಡಿದರೆ ಒಂದು ಸಾಲೂ ಇಲ್ಲ.

ಬೆಂಗಳೂರಿಗೆ ವಾಪಸು ಬಂದ ಮೇಲೆ ಅಕ್ಕನಿಂದ ಫೋನು. ಮೇಲಿನಿಂದ ಸುತ್ತೋಲೆ ಬಂದಿದೆಯಂತೆ. ಸೈಬರ್ ಸುರಕ್ಷೆಯ ದೃಷ್ಟಿಯಿಂದ ಇನ್ನು ಮುಂದೆ ಸಿಬ್ಬಂದಿ ನಲವತ್ತೈದು ದಿನಕ್ಕಲ್ಲ, ಮೂವತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕು, ಎರಡು ಚಿಹ್ನೆ ಇರಬೇಕು. ಚೀಟಿಯಲ್ಲಿ ಜಾಗ ಮುಗಿದಿದೆ, ಹೊಸ ಕಾಗದ ಅಂಟಿಸಿದ್ದೇನೆ ಅಂದರು.